ಮೊಮ್ಮಗನಿಗೆ ಮೊದಲ ಮಿನಿ ಬೈಕು: ಜೇಬು ಬಿಚ್ಚುವ ಮೊದಲು ಕಾಲು ಅಳೆಯಿರಿ

ಮೈಸೂರು: ಮಗ ಸೈಕಲ್ಲು ಕೇಳಿದಾಗ "ಮೊದಲು ಎಸ್ಸೆಸ್ಸೆಲ್ಸಿ ಪಾಸು ಮಾಡು, ಆಮೇಲೆ ನೋಡೋಣ" ಎಂದು ಗದರಿಸಿದ ಮನುಷ್ಯ ತಾತನಾದ ಮೇಲೆ ಬೇರೆಯೇ ಆಗಿಬಿಡುತ್ತಾರೆ. ಮೊಮ್ಮಗ ಬಾಯಿ ತೆರೆಯುವುದಕ್ಕೇ ಇಲ್ಲ, "ಏನು ಬೇಕೋ ಪುಟ್ಟಾ?" ಎಂದು ಜೇಬಿಗೆ ಕೈ ಹಾಕುತ್ತಾರೆ. ಹಿಂದೆ ಈ ಬೇಡಿಕೆ ಬುಗುರಿ, ಬ್ಯಾಟು, ಮೂರು ಚಕ್ರದ ಸೈಕಲ್ಲಿಗೆ ಮುಗಿದು ಹೋಗುತ್ತಿತ್ತು. ಈಗ ಪುಟಾಣಿಗಳು ಮೊಬೈಲಿನಲ್ಲಿ ಚಿತ್ರ ತೋರಿಸಿ "ತಾತ, ಇದೇ ಬೇಕು" ಎನ್ನುತ್ತಿವೆ. ಚಿತ್ರದಲ್ಲಿರುವುದು ಮಿನಿ ಬೈಕು. ಡರ್‌ರ್ ಎಂದು ಸದ್ದು ಮಾಡುವ, ದೊಡ್ಡವರ ಮೋಟಾರ್ ಸೈಕಲ್ಲಿನ ಮರಿಯಂತೆ ಕಾಣುವ ಗಾಡಿ.

ಕೊಡಿಸಬೇಕೇ, ಬೇಡವೇ? ಕೊಡಿಸುವುದಾದರೆ ಯಾವುದನ್ನು? ಮನೆಯೊಳಗೆ ಪಕ್ಷ ಎರಡಾಗುತ್ತದೆ. ತಾತ ಒಂದು ಕಡೆ, ಮಗುವಿನ ತಾಯಿ ಇನ್ನೊಂದು ಕಡೆ. ಅಜ್ಜಿ ಮಾತ್ರ ಎರಡೂ ಕಡೆ. "ಪಾಪ, ಕೇಳ್ತಿದೆ, ಕೊಡಿಸಿಬಿಡಿ" ಎನ್ನುವವರೂ ಅವರೇ, "ಬಿದ್ದು ಕೈಕಾಲು ಮುರ್ಕೊಂಡ್ರೆ ಯಾರು ನೋಡ್ಕೋತಾರೆ" ಎನ್ನುವವರೂ ಅವರೇ.

ತಾತನ ಪ್ರೀತಿಗೆ ಬೆಲೆ ಕಟ್ಟಲು ಯಾರಿಂದಲೂ ಆಗದು. ಆದರೆ ಈ ವ್ಯವಹಾರದಲ್ಲಿ ಪ್ರೀತಿಯ ಲೆಕ್ಕ ತಪ್ಪಿದರೆ ಒಂದು ದಾರಿ ಆಸ್ಪತ್ರೆಗೆ ಹೋಗುತ್ತದೆ, ಇನ್ನೊಂದು ದಾರಿ ನ್ಯಾಯಾಲಯಕ್ಕೆ. ಆದ್ದರಿಂದ ಹಣ ಎಣಿಸುವ ಮೊದಲು ನಾಲ್ಕು ವಿಷಯ ತಿಳಿದುಕೊಳ್ಳುವುದು ಒಳ್ಳೆಯದು.

ಹೆಸರು ಒಂದು, ಮಾಲು ಮೂರು

ಅಂಗಡಿಯಲ್ಲಿ "ಮಕ್ಕಳ ಬೈಕು" ಎಂದು ಕೇಳಿದರೆ ಮೂರು ಬೇರೆ ಬೇರೆ ಪದಾರ್ಥಗಳನ್ನು ತೋರಿಸಬಹುದು.

ಮೊದಲನೆಯದು ಪ್ಲಾಸ್ಟಿಕ್ಕಿನ ಬ್ಯಾಟರಿ ಆಟಿಕೆ. ಪಕ್ಕದಲ್ಲಿ ಎರಡು ಚಿಕ್ಕ ಚಕ್ರ ಇರುತ್ತವೆ, 6 ಅಥವಾ 12 ವೋಲ್ಟಿನ ಬ್ಯಾಟರಿ ಇರುತ್ತದೆ. ದೊಡ್ಡವರು ನಡೆಯುವಷ್ಟೇ ವೇಗ. ಹಾಲಿನಲ್ಲಿ, ತಾರಸಿಯ ಮೇಲೆ, ಕಾಂಪೌಂಡಿನ ಒಳಗೆ ಓಡಿಸುವಂಥದ್ದು. ಇದಕ್ಕೆ ಮುಖ್ಯವಾಗಿ ನೋಡಬೇಕಾದ್ದು ಐಎಸ್ಐ ಗುರುತು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಈ ಗುರುತು ಕಡ್ಡಾಯ. ಗುರುತು ಇಲ್ಲದ್ದು ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಅಲ್ಲೇ ಬಿಟ್ಟು ಬರುವುದು ಕ್ಷೇಮ.

ಎರಡನೆಯದು ಕರೆಂಟಿನಲ್ಲಿ ಚಾರ್ಜ್ ಮಾಡಿ ಓಡಿಸುವ ನಿಜವಾದ ಎರಡು ಚಕ್ರದ ಗಾಡಿ. ಕಬ್ಬಿಣ ಅಥವಾ ಅಲ್ಯೂಮಿನಿಯಂ ಚೌಕಟ್ಟು, ಗಾಳಿ ತುಂಬುವ ಟಯರು, ಕೈಯಲ್ಲಿ ಆಕ್ಸಿಲರೇಟರ್. ಆಟಿಕೆಯಂತೆ ಕಂಡರೂ ಇದು ಆಟಿಕೆಯಲ್ಲ.

ಮೂರನೆಯದು ಪೆಟ್ರೋಲಿನದು. 49 ಸಿಸಿ ಎಂಜಿನ್ನು, ಹಗ್ಗ ಎಳೆದು ಸ್ಟಾರ್ಟ್ ಮಾಡುವುದು, ಹೆಚ್ಚಿನವಕ್ಕೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಗೇರಿಲ್ಲ. ಕೈ ತಿರುಚಿದರೆ ಹೊರಟಿತು. ಚೈನು ಹೊರಗೆ ಕಾಣುತ್ತಿರುತ್ತದೆ, ಸೈಲೆನ್ಸರ್ ಮಗುವಿನ ಮೀನಖಂಡದ ಪಕ್ಕದಲ್ಲೇ ಕಾದು ಕೆಂಡವಾಗಿರುತ್ತದೆ. ತಾತಂದಿರ ಕಣ್ಣು ಬೀಳುವುದು ಸಾಮಾನ್ಯವಾಗಿ ಇದರ ಮೇಲೆ. ತಕರಾರು ಇರುವುದೂ ಇದರಲ್ಲೇ.

ಬೇಲಿಯೊಳಗೆ ಹುಟ್ಟಿದ ಗಾಡಿ

ತಾತಂದಿರನ್ನು ಸುಮ್ಮನೆ ದೂರಿ ಪ್ರಯೋಜನವಿಲ್ಲ. ಈ ಊರಿನ ಗಾಳಿಯೇ ಅಂಥದ್ದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಮೋಟಾರ್ ಸೈಕಲ್ಲು ತಯಾರಾಗಲು ಶುರುವಾಯಿತು. ಜಾವಾ ಹೋಗಿ ಯೆಜ್ದಿ ಬಂತು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಆದರೆ ಆ ಸದ್ದು ಕೇಳಿದರೆ ಕತ್ತು ತಿರುಗಿಸುವ ಹಿರಿಯರು ಇವತ್ತಿಗೂ ಅಗ್ರಹಾರದಲ್ಲಿದ್ದಾರೆ, ಮಂಡಿ ಮೊಹಲ್ಲಾದಲ್ಲಿದ್ದಾರೆ. 1973ರಲ್ಲಿ 'ಬಾಬಿ' ಚಿತ್ರ ಬಂದಾಗ ರಿಷಿ ಕಪೂರ್ ಓಡಿಸಿದ ಪುಟ್ಟ ರಾಜದೂತ್ ಗಾಡಿಗೆ ಜನ 'ಬಾಬಿ ಬೈಕ್' ಎಂದೇ ಹೆಸರಿಟ್ಟರು. ಅಂದು ಗಾಂಧಿ ಕ್ಲಾಸಿನಲ್ಲಿ ಕೂತು ಬಾಯಿ ಬಿಟ್ಟು ನೋಡಿದ ಹುಡುಗರೇ ಇಂದಿನ ತಾತಂದಿರು. 1972ರಲ್ಲಿ ಲೂನಾ, 1980ರಲ್ಲಿ ಹೊಸೂರಿನ ಟಿವಿಎಸ್ 50. ಇಂಥ ಸಣ್ಣ ಗಾಡಿಗಳ ಮೇಲೆ ಮನೆಮಂದಿಯನ್ನೆಲ್ಲ ಹೊತ್ತು ಸಂಸಾರ ಸಾಗಿಸಿದವರಿಗೆ ಚಿಕ್ಕ ಬೈಕು ಕಂಡರೆ ಕರುಳು ಚುರುಕ್ ಎನ್ನುವುದು ಸಹಜ.

ಆದರೆ ಮಕ್ಕಳ ಮಿನಿ ಬೈಕಿನ ಹುಟ್ಟು ಬೇರೆ. ಯಾದವಗಿರಿಯಲ್ಲಿ ಜಾವಾ ಶುರುವಾದ ಅದೇ 1961ರಲ್ಲಿ ಜಪಾನಿನ ಹೋಂಡಾ ಕಂಪನಿಯವರು ಟೋಕಿಯೋದ ಟಾಮಾ ಟೆಕ್ ಎಂಬ ಮನರಂಜನಾ ಪಾರ್ಕಿನಲ್ಲಿ ಮಕ್ಕಳ ಆಟಕ್ಕೆಂದು 49 ಸಿಸಿಯ ಪುಟ್ಟ ಗಾಡಿ ಇಟ್ಟರು. ಮುಂದೆ 'ಮಂಕಿ' ಎಂದು ಲೋಕವೆಲ್ಲ ಓಡಾಡಿದ ಗಾಡಿಗೆ ಅದೇ ಮೂಲ. ಗಮನಿಸಬೇಕಾದ್ದು ಇಷ್ಟು: ಆ ಗಾಡಿ ಹುಟ್ಟಿದ್ದು ಪಾರ್ಕಿನ ಬೇಲಿಯೊಳಗೆ. ಎದುರಿಗೆ ಬಸ್ಸಿಲ್ಲ, ಆಟೋ ಇಲ್ಲ, ದನ ಇಲ್ಲ. ಹೊರದೇಶಗಳಲ್ಲಿ ಮಕ್ಕಳು ಮಿನಿ ಬೈಕು ಕಲಿಯುವುದು ಇಂದಿಗೂ ಮಣ್ಣಿನ ಅಂಕಣದಲ್ಲಿ, ಜಮೀನಿನಲ್ಲಿ. ನಮ್ಮಲ್ಲಿ ಮಾತ್ರ ಗಾಡಿ ಮನೆಗೆ ಬಂದ ಮಾರನೆಯ ದಿನವೇ ಬಡಾವಣೆಯ ಅಡ್ಡರಸ್ತೆಗೆ ಇಳಿಯುತ್ತದೆ.

"ಬೆಳೆಯೋ ಹುಡುಗ, ದೊಡ್ಡದೇ ಕೊಡಿ"

ಯಾವ ಸೈಕಲ್ ಅಂಗಡಿಯ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ.

"ಇದು ಸರಿಯಾಗಿದೆ ಯಜಮಾನ್ರೆ, ಮಗುವಿನ ಕಾಲು ಎಟುಕ್ತಿದೆ."

"ಅಯ್ಯೋ, ಬೆಳೆಯೋ ಹುಡುಗ ಕಣಪ್ಪ. ಮುಂದಿನ ವರ್ಷ ಇದು ಚಿಕ್ಕದಾಗುತ್ತೆ. ಒಂದು ಸೈಜು ದೊಡ್ಡದೇ ಕೊಡು."

ಯೂನಿಫಾರಂ ಕೊಳ್ಳುವ ಲೆಕ್ಕ ಇದು. ಚಡ್ಡಿ ಉದ್ದವಾದರೆ ಅಂಚು ಮಡಿಚಿ ಹೊಲಿಸಬಹುದು. ಗಾಡಿಯ ಅಂಚು ಮಡಿಚುವ ದರ್ಜಿ ಇನ್ನೂ ಹುಟ್ಟಿಲ್ಲ. ಸೀಟಿನ ಮೇಲೆ ಕೂತ ಮಗುವಿನ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು. ಬೆರಳ ತುದಿಯಲ್ಲಿ ನಿಂತರೆ ಸಾಲದು. ಗಾಡಿ ಒಂದು ಕಡೆಗೆ ವಾಲಿದಾಗ ಅದನ್ನು ತಡೆಯುವುದು ಆ ಪಾದವೇ.

ಅಳತೆ ತೆಗೆಯುವುದು ಸುಲಭ. ಮಗುವನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ. ಎರಡು ತೊಡೆಯ ನಡುವೆ ಒಂದು ಪುಸ್ತಕವನ್ನು ಅಡ್ಡಲಾಗಿ ಮೇಲಕ್ಕೆ ತಾಗಿಸಿ ಹಿಡಿಯಿರಿ. ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಎಷ್ಟು ಸೆಂಟಿಮೀಟರು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಕಲಿಯುವ ಗಾಡಿಯ ಸೀಟು ಅದಕ್ಕಿಂತ ಎರಡು ಮೂರು ಸೆಂಟಿಮೀಟರು ತಗ್ಗಿರಬೇಕು. ಅಂಗಡಿಗೆ ಮಗುವನ್ನೂ ಕರೆದುಕೊಂಡು ಹೋಗಿ. "ಸರ್ಪ್ರೈಸ್ ಕೊಡ್ತೀನಿ" ಎಂದು ತಾತ ಒಬ್ಬರೇ ಹೋಗಿ ತಂದ ಗಾಡಿ ಮೂಲೆ ಸೇರುವುದೇ ಹೆಚ್ಚು.

ಎರಡನೆಯ ಪರೀಕ್ಷೆ ತೂಕ. ಐದು ವರ್ಷದ ಮಗು ಸುಮಾರು 18 ಕಿಲೋ ತೂಗುತ್ತದೆ. ಹೆಸರುವಾಸಿ ಕಂಪನಿಗಳ 50 ಸಿಸಿಯ ಮಕ್ಕಳ ಪೆಟ್ರೋಲ್ ಬೈಕು 40 ಕಿಲೋ ಆಸುಪಾಸಿನಲ್ಲಿರುತ್ತದೆ. ಅಂದರೆ ಸವಾರನ ಎರಡರಷ್ಟು. ದೊಡ್ಡವರ ಲೆಕ್ಕಕ್ಕೆ ತಿರುಗಿಸಿ ನೋಡಿ. 70 ಕಿಲೋ ತೂಗುವವರು ಕಾಲ ಮೇಲೆ ಬಿದ್ದ 150 ಕಿಲೋ ಗಾಡಿಯನ್ನು ತಾವೇ ಎತ್ತಿದಂತೆ.

ಮೂರನೆಯದು ಬೆರಳು. ಬ್ರೇಕಿನ ಹಿಡಿಯನ್ನು ಮಗು ತನ್ನ ಬೆರಳಿನಿಂದ ಪೂರ್ತಿ ಒತ್ತಿ ಚಕ್ರ ನಿಲ್ಲಿಸಬಲ್ಲದೇ? ಅಂಗಡಿಯಲ್ಲೇ ಒತ್ತಿಸಿ ನೋಡಿ. ಒತ್ತಲು ಆಗದ ಬ್ರೇಕು ಇದ್ದೂ ಇಲ್ಲದ ಹಾಗೆ.

ಕೈ ತಿರುಚಿದಾಗ ಏನಾಗುತ್ತದೆ

ಸೈಕಲ್ಲಿಗೂ ಎಂಜಿನ್ ಗಾಡಿಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಸೈಕಲ್ಲಿನಲ್ಲಿ ಹೆದರಿದ ಮಗು ಪೆಡಲ್ ತುಳಿಯುವುದನ್ನು ನಿಲ್ಲಿಸುತ್ತದೆ, ಗಾಡಿ ನಿಧಾನವಾಗುತ್ತದೆ. ಮೋಟಾರಿನ ಗಾಡಿಯಲ್ಲಿ ಹೆದರಿದ ಮಗು ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯುತ್ತದೆ. ಗಾಡಿ ಜಗ್ಗಿ ಮುಂದೆ ಹೋದಂತೆ ಮೈ ಹಿಂದಕ್ಕೆ ವಾಲುತ್ತದೆ, ವಾಲಿದಂತೆ ಮಣಿಕಟ್ಟು ಕೆಳಗೆ ತಿರುಗುತ್ತದೆ, ತಿರುಗಿದಂತೆ ಆಕ್ಸಿಲರೇಟರ್ ಇನ್ನಷ್ಟು ತೆರೆಯುತ್ತದೆ. ನಿಲ್ಲಬೇಕಾದ ಗಾಡಿ ಓಡುತ್ತದೆ. ದೊಡ್ಡವರು ಸ್ಕೂಟರ್ ಕಲಿಯುವಾಗ ನೇರ ಹೋಗಿ ಗೋಡೆಗೆ ಗುದ್ದುವುದೂ ಇದೇ ಕಾರಣಕ್ಕೆ. ಐದು ವರ್ಷದ ಮಗುವಿಗೆ "ಕೈ ಬಿಡು, ಕೈ ಬಿಡು" ಎಂದು ಹಿಂದಿನಿಂದ ಕೂಗಿದರೆ ಕೇಳಿಸೀತೇ?

ಗಂಟೆಗೆ 25 ಕಿಲೋಮೀಟರು ಎಂದರೆ "ಅಷ್ಟೇನಾ" ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಅದು ಸೆಕೆಂಡಿಗೆ ಸುಮಾರು 7 ಮೀಟರು. ಹತ್ತಡಿ ಅಗಲದ ಎರಡು ಅಂಗಡಿಗಳನ್ನು ಒಂದೇ ಸೆಕೆಂಡಿನಲ್ಲಿ ದಾಟಿದಂತೆ. ಕಣ್ಣು ಮಿಟುಕಿಸಿ ತಾತ "ಏಯ್" ಎನ್ನುವುದರೊಳಗೆ ಮಗು ಮೂರನೆಯ ಅಂಗಡಿಯ ಮುಂದಿರುತ್ತದೆ.

ಆದ್ದರಿಂದ ಎಂಜಿನ್ ಗಾಡಿಯೇ ಬೇಕೆಂದಿದ್ದರೆ ವೇಗಕ್ಕೆ ಬೀಗ ಇರುವಂಥದ್ದನ್ನೇ ನೋಡಿ. ಒಳ್ಳೆಯ ಪೆಟ್ರೋಲ್ ಗಾಡಿಗಳಲ್ಲಿ ಆಕ್ಸಿಲರೇಟರ್ ಎಷ್ಟು ತಿರುಗಬೇಕೆಂದು ತಡೆಯುವ ಒಂದು ಸ್ಕ್ರೂ ಇರುತ್ತದೆ. ಒಳ್ಳೆಯ ಬ್ಯಾಟರಿ ಗಾಡಿಗಳಲ್ಲಿ ಎರಡು ಮೂರು ಹಂತದ ವೇಗವಿದ್ದು, ಕಡಿಮೆಯ ಹಂತಕ್ಕೆ ಕಟ್ಟಿಹಾಕಬಹುದು. ಈ ಸೌಲಭ್ಯವಿಲ್ಲದ ಮಾಲನ್ನು ಎಷ್ಟು ರಿಯಾಯಿತಿಗೆ ಕೊಟ್ಟರೂ ಬೇಡ ಎನ್ನಿ.

ಕಾಯಿದೆಯ ಕೈ ತಾತನವರೆಗೂ ಚಾಚುತ್ತದೆ

"ಮನೆ ಮುಂದಿನ ರಸ್ತೇಲಿ ತಾನೇ, ಯಾರು ಕೇಳ್ತಾರೆ?" ಎನ್ನುವುದು ಸಾಮಾನ್ಯ ಸಮಾಧಾನ. ಕಾಯಿದೆ ಹಾಗೆ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಚಕ್ರದ ಗಾಡಿಯ ಎಂಜಿನ್ನು 25 ಸಿಸಿ ಮೀರಿದರೆ ಅದು ಮೋಟಾರು ವಾಹನ. 49 ಸಿಸಿಯ ಮಿನಿ ಬೈಕು ಎಷ್ಟು ಚಿಕ್ಕದಾಗಿ ಕಂಡರೂ ಆ ಲೆಕ್ಕದೊಳಗೇ ಬರುತ್ತದೆ. ರಸ್ತೆಗೆ ಇಳಿಯಬೇಕಾದರೆ ನೋಂದಣಿ, ವಿಮೆ, ಲೈಸೆನ್ಸ್ ಮೂರೂ ಬೇಕು. ಮಕ್ಕಳ ಮಿನಿ ಬೈಕಿಗೆ ನಂಬರ್ ಸಿಗುವುದಿಲ್ಲ, ಮಗುವಿಗೆ ಲೈಸೆನ್ಸ್ ಸಿಗುವುದಿಲ್ಲ. ಸಾರ್ವಜನಿಕರು ಹಕ್ಕಿನಿಂದ ಓಡಾಡುವ ಜಾಗವೆಲ್ಲ 'ಸಾರ್ವಜನಿಕ ಸ್ಥಳ'ವೇ. ಬಡಾವಣೆಯ ಅಡ್ಡರಸ್ತೆಗೂ ವಿನಾಯಿತಿಯಿಲ್ಲ.

2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಇನ್ನೂ ಬಿಗಿ. ಅಪ್ರಾಪ್ತ ವಯಸ್ಸಿನವರು ಮೋಟಾರು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಸೆರೆವಾಸ, 25 ಸಾವಿರ ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. "ನನಗೆ ಗೊತ್ತೇ ಇರಲಿಲ್ಲ" ಎಂದರೆ ಸಾಲದು, ಗೊತ್ತಿರಲಿಲ್ಲವೆಂದು ಅವರೇ ಸಾಬೀತು ಮಾಡಬೇಕು. ರಾಜ್ಯದ ಹಲವು ಊರುಗಳಲ್ಲಿ ಹೆತ್ತವರು ನ್ಯಾಯಾಲಯದಲ್ಲಿ ನಿಂತು 25 ಸಾವಿರ ಕಟ್ಟಿ ಬಂದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ.

ಇದು ಮಿನಿ ಬೈಕಿಗಷ್ಟೇ ಅಲ್ಲ. ಎಂಟನೇ ಕ್ಲಾಸಿನ ಮೊಮ್ಮಗನ ಕೈಗೆ ಮೊಪೆಡ್ ಕೀಲಿ ಕೊಟ್ಟು "ಹೋಗಿ ಹಾಲು ತಗೊಂಡು ಬಾ" ಎನ್ನುವ ತಾತನಿಗೂ ಇದೇ ಕಾಯಿದೆ. "ಹದಿನಾರಕ್ಕೆ ಓಡಿಸಬಹುದಲ್ಲ?" ಎಂದು ಕೆಲವರು ವಾದಿಸುತ್ತಾರೆ. ಹೌದು, 16 ತುಂಬಿದವರು ಪೋಷಕರ ಒಪ್ಪಿಗೆಯೊಂದಿಗೆ ಲೈಸೆನ್ಸ್ ಪಡೆದು 50 ಸಿಸಿ ಮೀರದ ಗಾಡಿ ಓಡಿಸಬಹುದು. ಆದರೆ ಆ ಅಳತೆಯ ಲೂನಾ, ಟಿವಿಎಸ್ 50ರ ಕಾಲ ಮುಗಿಯಿತು. ಈಗ ರಸ್ತೆಯಲ್ಲಿ ಓಡುವ ಟಿವಿಎಸ್ ಎಕ್ಸ್‌ಎಲ್ ಮೊಪೆಡ್ಡಿನ ಎಂಜಿನ್ನೇ 100 ಸಿಸಿಗೆ ಬಂದಿದೆ. ಅದಕ್ಕೆ 18 ತುಂಬಲೇಬೇಕು. ಇನ್ನು ಅಪಘಾತವಾದರೆ ವಿಮೆ ಕಂಪನಿ ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ಮಾಲೀಕನಿಂದ ತಿರುಗಿ ವಸೂಲು ಮಾಡಿಕೊಳ್ಳಬಹುದು. ಪಿಂಚಣಿಯಲ್ಲಿ ಬದುಕುವವರು ಈ ಮಾತನ್ನು ಎರಡು ಸಾರಿ ಓದಿಕೊಳ್ಳಬೇಕು.

"ಲೈಸೆನ್ಸ್ ಬೇಡ, ನಂಬರ್ ಬೇಡ" ಎಂಬ ಮಾತು

ಬ್ಯಾಟರಿ ಗಾಡಿ ಮಾರುವವರ ಬಾಯಲ್ಲಿ ಈ ಮಾತು ಸದಾ ಇರುತ್ತದೆ. ಅದು ಅರ್ಧ ಸತ್ಯ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಂತಿದ್ದರೆ ಮಾತ್ರ ಆ ವಿನಾಯಿತಿ. ಗಾಡಿಗೆ ಪರೀಕ್ಷಾ ಸಂಸ್ಥೆಯ ಮಂಜೂರಾತಿಯೂ ಇರಬೇಕು. ಮಂಜೂರಾತಿ ಪತ್ರದ ಪ್ರತಿ ತೋರಿಸಿ ಎಂದು ನೇರವಾಗಿ ಕೇಳಿ. "ಒಂದು ವೈರ್ ತೆಗೆದ್ರೆ ನಲವತ್ತು ಹೋಗುತ್ತೆ ಸಾರ್" ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ, ಆ ವೈರ್ ತೆಗೆದ ಕ್ಷಣದಿಂದ ಅದು ನೋಂದಣಿಯಿಲ್ಲದ ಮೋಟಾರು ವಾಹನ. ಜವಾಬ್ದಾರಿ ವೈರ್ ತೆಗೆದವನ ತಲೆಗೆ ಬರುವುದಿಲ್ಲ, ತಾತನ ತಲೆಗೆ ಬರುತ್ತದೆ.

ವಿನಾಯಿತಿ ಇದ್ದ ಮಾತ್ರಕ್ಕೆ ರಸ್ತೆ ಮಗುವಿನದಾಗುವುದೂ ಇಲ್ಲ. ಎದುರು ಬರುವ ಬಸ್ಸಿನ ವೇಗ, ದೂರ ಅಂದಾಜು ಮಾಡುವ ಕಣ್ಣು ಮಗುವಿಗೆ ಇನ್ನೂ ಬಲಿತಿರುವುದಿಲ್ಲ. ಇನ್ನೊಂದು ಮಾತು: ಬ್ಯಾಟರಿಗೆ ಕಂಪನಿಯ ಚಾರ್ಜರನ್ನೇ ಬಳಸಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಾಗಿಲ ಹತ್ತಿರ ಚಾರ್ಜಿಗೆ ಇಡಬೇಡಿ. ಬೆಂಕಿ ಹತ್ತಿದರೆ ಹೊರಗೆ ಬರುವ ದಾರಿಯೇ ಅದು.

ಹಾಗಾದರೆ ಕೊಡಿಸುವುದೇನು?

ತೆಂಗಿನ ತೋಟವೋ, ಬೇಲಿ ಹಾಕಿದ ಸ್ವಂತ ಜಮೀನೋ ಇದ್ದು, ದೊಡ್ಡವರೊಬ್ಬರು ಸದಾ ಜೊತೆಗಿರುವುದಾದರೆ ವೇಗಕ್ಕೆ ಬೀಗವಿರುವ ಸಣ್ಣ ಬ್ಯಾಟರಿ ಬೈಕನ್ನು ಯೋಚಿಸಬಹುದು. ಅದೂ ಮಗುವಿಗೆ ಸೈಕಲ್ಲಿನ ಮೇಲೆ ಸಮತೋಲನ ಬಂದ ಮೇಲೆ. ಜಾಗವಿಲ್ಲದವರಿಗೆ, ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ, ಮೊದಲ ಬೈಕು ಸೈಕಲ್ಲೇ.

ಎರಡು, ಮೂರು ವರ್ಷದವರಿಗೆ ಪೆಡಲ್ಲೇ ಇಲ್ಲದ, ಕಾಲಿನಿಂದ ನೆಲ ತಳ್ಳಿಕೊಂಡು ಹೋಗುವ ಬ್ಯಾಲೆನ್ಸ್ ಬೈಕು ಈಗ ಸಿಗುತ್ತದೆ. ಹೊಸ ಫ್ಯಾಷನ್ ಎಂದು ನಗಬೇಡಿ. 1817ರಲ್ಲಿ ಜರ್ಮನಿಯ ಮಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಎಂಬಾತ ಓಡಿಸಿ ತೋರಿಸಿದ, ಸೈಕಲ್ಲಿನ ಮೂಲ ಎನ್ನುವ ಗಾಡಿಗೂ ಪೆಡಲ್ ಇರಲಿಲ್ಲ. ಪಕ್ಕದ ಚಕ್ರ ಹಾಕಿ ಕಲಿತ ಮಗುವಿಗೆ ತುಳಿಯುವುದು ಬರುತ್ತದೆ, ವಾಲುವುದು ಬರುವುದಿಲ್ಲ. ಬ್ಯಾಲೆನ್ಸ್ ಬೈಕಿನಲ್ಲಿ ಮೊದಲು ಬರುವುದೇ ವಾಲುವುದು.

ಬೇರೆ ಗಾಡಿ ಕೊಳ್ಳುವ ಅಗತ್ಯವೂ ಇಲ್ಲ. ಮನೆಯಲ್ಲಿರುವ ಸಣ್ಣ ಸೈಕಲ್ಲಿನ ಎರಡೂ ಪೆಡಲ್ ಬಿಚ್ಚಿಸಿ ಸೀಟು ತಗ್ಗಿಸಿದರೆ ಅದೇ ಬ್ಯಾಲೆನ್ಸ್ ಬೈಕು. ಎಡಗಡೆ ಪೆಡಲಿನ ತಿರುಪು ಉಲ್ಟಾ ಎಂಬುದು ಮಾತ್ರ ನೆನಪಿರಲಿ. ಗೊತ್ತಿಲ್ಲದೆ ತಿರುಚಿ ಮರೆ ಕೆಡಿಸಿದವರು ಬಹಳ.

ಆಮೇಲೆ ನಾಲ್ಕರಿಂದ ಆರು ವರ್ಷಕ್ಕೆ ಸುಮಾರಾಗಿ 16 ಇಂಚು ಚಕ್ರ, ಆರರಿಂದ ಒಂಬತ್ತಕ್ಕೆ 20 ಇಂಚು, ಅದರಿಂದಾಚೆ 24 ಇಂಚು. ವಯಸ್ಸು ಬರೀ ಅಂದಾಜು, ತೀರ್ಮಾನ ಹೇಳಬೇಕಾದ್ದು ಕಾಲು. ಮೊಮ್ಮಗಳಾದರೂ ಇದೇ ಲೆಕ್ಕ. ಬುಟ್ಟಿ, ಬಣ್ಣ ನೋಡಿ ಕೊಳ್ಳುವ ಮೊದಲು ಲಂಗ ಸಿಕ್ಕಿಕೊಳ್ಳದಂತೆ ಚೈನ್ ಕವರ್ ಪೂರ್ತಿ ಇದೆಯೇ ನೋಡಿ.

"ನಾವು ಒಳಪೆಡಲ್ ತುಳಿದು, ಬಿದ್ದು ಎದ್ದು ಕಲೀಲಿಲ್ವಾ?" ಎಂದು ಕೇಳುವ ಹಿರಿಯರಿದ್ದಾರೆ. ಕಲಿತರು, ನಿಜ. ಗಂಟೆ ಲೆಕ್ಕದ ಬಾಡಿಗೆ ಸೈಕಲ್ ದೊಡ್ಡವರ ಅಳತೆಯದೇ ಇತ್ತು, ಬೇರೆ ದಾರಿ ಇರಲಿಲ್ಲ. ಅಂದು ಬಿದ್ದರೆ ಮಂಡಿ ತರಚುತ್ತಿತ್ತು. ಇಂದು ಅದೇ ರಸ್ತೆಯಲ್ಲಿ ಬಿದ್ದ ಮಗುವಿನ ಹಿಂದೆ ಬ್ರೇಕ್ ಹಾಕಲು ಪುರುಸೊತ್ತಿಲ್ಲದ ಹತ್ತು ಗಾಡಿ ಬರುತ್ತಿರುತ್ತವೆ.

ಹೆಲ್ಮೆಟ್ಟನ್ನು ಗಾಡಿಯ ಜೊತೆಯಲ್ಲೇ ಕೊಳ್ಳಿ, "ಆಮೇಲೆ ನೋಡೋಣ" ಎನ್ನಬೇಡಿ. ಅಪ್ಪನ ಹೆಲ್ಮೆಟ್ ಮಗುವಿನ ತಲೆಯ ಮೇಲೆ ಕೊಡಪಾನ ಬೋರಲು ಹಾಕಿದಂತೆ. ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಕೂರಬೇಕು, ತಲೆ ಅಲ್ಲಾಡಿಸಿದರೆ ಅಲ್ಲಾಡಬಾರದು, ಪಟ್ಟಿ ಗದ್ದದ ಕೆಳಗೆ ಬಿಗಿಯಾಗಿರಬೇಕು. ಎಂಜಿನ್ ಗಾಡಿಯಾದರೆ ಐಎಸ್ಐ ಗುರುತಿನ ಮೋಟಾರ್ ಸೈಕಲ್ ಹೆಲ್ಮೆಟ್ಟೇ ಆಗಬೇಕು. ಜೊತೆಗೆ ಬೂಟು, ಉದ್ದ ಪ್ಯಾಂಟು, ಮಂಡಿ ಮತ್ತು ಮೊಣಕೈ ಕವಚ.

ಓಡಿಸುವುದು ಎಲ್ಲಿ?

ಈ ಪ್ರಶ್ನೆಗೆ ಅಂಗಡಿಯಲ್ಲಿ ಉತ್ತರ ಸಿಗುವುದಿಲ್ಲ. ದೇಶದಲ್ಲೇ ಮೊದಲೆನಿಸಿದ ಸಾರ್ವಜನಿಕ ಸೈಕಲ್ ವ್ಯವಸ್ಥೆ 'ಟ್ರಿಣ್ ಟ್ರಿಣ್' 2017ರಲ್ಲಿ ಬಂದದ್ದು ಇದೇ ಮೈಸೂರಿಗೆ. ದೊಡ್ಡವರ ಸೈಕಲ್ಲಿಗೆ ಸ್ಟ್ಯಾಂಡು ಸಿಕ್ಕಿತು, ಸಂತೋಷ. ಚಿಕ್ಕವರು ಬಿದ್ದು ಕಲಿಯಲು ಬಡಾವಣೆಗೊಂದು ನೂರಡಿ ಮಣ್ಣಿನ ಜಾಗ ಬೇಡವೇ? ಮೈದಾನ ಎಂದು ಬೋರ್ಡಿರುವ ಕಡೆ ಕಾರು ನಿಂತಿರುತ್ತವೆ, ಪಾರ್ಕು ಎಂದಿರುವ ಕಡೆ 'ಸೈಕಲ್ ನಿಷೇಧಿಸಿದೆ' ಎಂದು ಬರೆದಿರುತ್ತದೆ. ವೋಟು ಕೇಳಲು ಬಂದವರನ್ನು ತಾತಂದಿರು ಇದನ್ನೊಂದು ಕೇಳಿದರೆ ತಪ್ಪೇನಿಲ್ಲ.

ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ ಆರೂವರೆಗೆ ಹತ್ತಿರದ ಶಾಲಾ ಮೈದಾನಕ್ಕೆ ಹೆಡ್ ಮಾಸ್ಟರ ಒಪ್ಪಿಗೆ ಪಡೆದು ಕರೆದೊಯ್ಯುವುದೇ ದಾರಿ. ದಿನಕ್ಕೆ ಅರ್ಧ ಗಂಟೆ ಸಾಕು. ಮೊದಲು ಬ್ರೇಕು ಹಿಡಿಯುವುದನ್ನು ಕಲಿಸಿ, ಓಡಿಸುವುದು ತಾನಾಗಿ ಬರುತ್ತದೆ. ಸೀಟು ಹಿಡಿದು ಹಿಂದೆ ಓಡಲು ತಾತನಿಗೆ ಮಂಡಿ ನೋವಾದರೆ ಮಗುವಿನ ಅಪ್ಪನನ್ನು ಎಬ್ಬಿಸಿ ಓಡಿಸಿ. ಅವರ ಹೊಟ್ಟೆಗೂ ಒಳ್ಳೆಯದು.

ಅಂಗಡಿಯವರಿಗೂ ಒಂದು ಮಾತು. ಪ್ರೀತಿಯ ಭರದಲ್ಲಿ ಬಂದ ತಾತನಿಗೆ ದುಬಾರಿ ಗಾಡಿ ಕಟ್ಟುವುದು ಕಷ್ಟವಲ್ಲ, ಗಿರಾಕಿ ತಾನೇ ಕೇಳುತ್ತಿರುತ್ತಾರೆ. ಆದರೆ "ಬೇಡ ಯಜಮಾನ್ರೆ, ಮಗುಗೆ ಈ ಚಿಕ್ಕದೇ ಸರಿ" ಎಂದು ಹೇಳಿ ಕಳಿಸಿದ ಅಂಗಡಿಗೆ ಆ ಮನೆ ಮತ್ತೆ ಬರುತ್ತದೆ. 16 ಇಂಚಿನದು ಚಿಕ್ಕದಾದಾಗ 20 ಇಂಚಿಗೆ, ಅದೂ ಚಿಕ್ಕದಾದಾಗ 24 ಇಂಚಿಗೆ. ಹಳೆಯದನ್ನು ವಾಪಸು ತೆಗೆದುಕೊಂಡು, ಎಣ್ಣೆ ಬಿಟ್ಟು, ಟಯರು ಬದಲಿಸಿ, ಇನ್ನೊಬ್ಬ ತಾತನಿಗೆ ಅರ್ಧ ಬೆಲೆಗೆ ಕೊಟ್ಟರೆ ಅದರಲ್ಲೂ ನಾಲ್ಕು ಕಾಸು ಉಂಟು. ಒಂದೇ ದಿನದ ಲಾಭಕ್ಕಿಂತ ಹತ್ತು ವರ್ಷದ ಗಿರಾಕಿ ಮೇಲು. ಈ ಲೆಕ್ಕವನ್ನು ಮೈಸೂರಿನ ವ್ಯಾಪಾರಸ್ಥರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.